ಬೇತಾಳಕಥೆಗಳಲ್ಲಿ ವೀರವೂ ವಿಧಿಯೂ

೧

ಕನ್ನಡ ನಾಡಿನಲ್ಲಿ ಬೇತಾಳನ ಹೆಸರನ್ನು ಕೇಳದವರು ವಿರಳ. ದಿನವೂ ಬಾಗಿಲಿಗೆ ಬಂದು ನಿಲ್ಲುವ ಸಾಲಕೊಟ್ಟವನನ್ನೂ, ಎತ್ತ ಹೋದರೂ ಹಿಂಬಾಲಿಸುವ ಚಿಂತೆಯನ್ನೂ 'ಬೆನ್ನುಬಿಡದ ಬೇತಾಳ'ವೆಂದು ಕರೆಯುವುದು ನಮ್ಮ ಆಡುಮಾತಿನ ವಾಡಿಕೆ. ಆದರೆ ಮೂಲಕಥೆಯನ್ನು ಬಲ್ಲವರಿಗೆ ಈ ನುಡಿ ಒಂದು ವಿನೋದವಾಗಿಯೇ ತೋರಬೇಕು. ಕಥೆಯಲ್ಲಿ ಬೇತಾಳನು ರಾಜನ ಬೆನ್ನು ಹತ್ತಿದವನಲ್ಲ. ರಾಜನೇ ಅವನನ್ನು ಹುಡುಕಿಕೊಂಡು ಮಸಣಕ್ಕೆ ಹೋದವನು, ಮರವನ್ನು ಹತ್ತಿ ಕೆಳಗಿಳಿಸಿದವನು, ತಾನಾಗಿ ಹೆಗಲಿಗೇರಿಸಿಕೊಂಡವನು. ತಪ್ಪಿಸಿಕೊಂಡು ಹೋಗತಕ್ಕವನು ಬೇತಾಳ. ಬೆನ್ನು ಬಿಡದವನು ರಾಜ. ನಮ್ಮ ಜನರ ಮಾತು ಕಥೆಯನ್ನು ತಲೆಕೆಳಗು ಮಾಡಿ ಇಟ್ಟುಕೊಂಡಿದೆ. ಇದು ಬರಿಯ ಮರೆವಿನ ಫಲವಾಗಿರಲಾರದು. ಇಲ್ಲಿ ಬೇಟೆಗಾರನಾರು, ಬೇಟೆಯಾರು ಎಂಬ ಸಂದೇಹಕ್ಕೆ ಕಥೆಯೇ ಅವಕಾಶವನ್ನು ಕೊಡುತ್ತದೆ. ಆ ಸಂದೇಹವನ್ನು ಹಿಡಿದು ಈ ಕಥಾಚಕ್ರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಬೇತಾಳಕಥೆಗಳನ್ನು ನಮ್ಮ ವಿದ್ವಾಂಸರು ಬಹುಮಟ್ಟಿಗೆ ಮಕ್ಕಳ ಪಾಲಿಗೆ ಬಿಟ್ಟಿದ್ದಾರೆ. ೧೯೪೯ರಲ್ಲಿ ಕನ್ನಡದಲ್ಲಿ ಹೊರಡಲಾರಂಭಿಸಿದ 'ಚಂದಮಾಮ'ವು ಮುಂದೆ ಹಲವು ದಶಕಗಳ ಕಾಲ ವಿಕ್ರಮನನ್ನೂ ಬೇತಾಳನನ್ನೂ ಮನೆಮನೆಗೆ ತಲಪಿಸಿತು. ಕತ್ತಿ ಹಿಡಿದು, ಹೆಣ ಹೊತ್ತು ನಡೆಯುವ ರಾಜನ ಚಿತ್ರ ಎರಡು ಮೂರು ತಲೆಮಾರುಗಳ ಕಣ್ಣಿನಲ್ಲಿ ನಿಂತಿದೆ. ಅದು ದೊಡ್ಡ ಉಪಕಾರವೇ. ಆದರೆ ಅದರಿಂದ ಒಂದು ಹಾನಿಯೂ ಆಯಿತು. ಕಥೆ ಒಂದೊಂದಾಗಿ ಬಂದುದರಿಂದ ಕಟ್ಟು ಮರೆಯಾಯಿತು. ಒಗಟು ಉಳಿದು ಗ್ರಂಥ ಕಳೆಯಿತು. ಇವು ಬಿಡಿ ಕಥೆಗಳಲ್ಲ. ಒಂದು ರಾತ್ರಿಯ ಕಥೆಗಳು. ಆ ರಾತ್ರಿಯ ಕೊನೆಯಲ್ಲಿ ಒಬ್ಬನ ತಲೆ ಉರುಳಲೇಬೇಕಾಗಿದೆ. ಇದನ್ನು ಮರೆತು ಓದಿದವನು ಬೇತಾಳಕಥೆಯನ್ನು ಓದಿದನೆಂದು ಹೇಳುವುದಕ್ಕಾಗದು.

ಈ ಜಾತಿಯ ಕಥೆಗಳಲ್ಲಿ ನಮ್ಮ ಸೀಮೆಗಿರುವ ಆಸಕ್ತಿ ಹೊಸದಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಈಗ ಒಂದು ಹಳ್ಳಿ. ಎಂಟನೆಯ ಶತಮಾನದಲ್ಲಿ ಅದು ಮಾನ್ಯಪುರವೆಂಬ ಹೆಸರಿನಿಂದ ಗಂಗರಸರ ರಾಜಧಾನಿಯಾಗಿದ್ದಿತು. ಆ ವಂಶದಲ್ಲಿ ಇನ್ನೂ ಹಿಂದೆ ಆಳಿದ ದುರ್ವಿನೀತನನ್ನು ಗುಮ್ಮರೆಡ್ಡಿಪುರದ ತಾಮ್ರಶಾಸನವು ವಡ್ಡಕಥೆಯನ್ನು ದೇವಭಾಷೆಯಲ್ಲಿ ರಚಿಸಿದವನೆಂದು ಹೊಗಳುತ್ತದೆ. ವಡ್ಡಕಥೆಯೆಂದರೆ ಗುಣಾಢ್ಯನು ಪೈಶಾಚಿಯಲ್ಲಿ ಬರೆದನೆಂದು ಪ್ರಸಿದ್ಧವಾದ ಬೃಹತ್ಕಥೆ. ಕವಿರಾಜಮಾರ್ಗವು ಕನ್ನಡ ಗದ್ಯಕಾರರನ್ನು ಹೆಸರಿಸುವಾಗಲೂ ದುರ್ವಿನೀತನೊಬ್ಬನನ್ನು ಎಣಿಸುತ್ತದೆ. ಸುಮಾರು ೧೦೩೧ರಲ್ಲಿ ದುರ್ಗಸಿಂಹನು ತನ್ನ ಕನ್ನಡ ಪಂಚತಂತ್ರಕ್ಕೆ ಗುಣಾಢ್ಯನಿಂದ ವಸುಭಾಗಭಟ್ಟನ ಮೂಲಕ ಬಂದ ಪರಂಪರೆಯನ್ನು ಹೇಳಿಕೊಂಡನು. ಅದೇ ಶತಮಾನದಲ್ಲಿ ದೂರದ ಕಾಶ್ಮೀರದಲ್ಲಿ ಕ್ಷೇಮೇಂದ್ರನೂ ಸೋಮದೇವನೂ ಬೃಹತ್ಕಥೆಯನ್ನು ಸಂಸ್ಕೃತ ಪದ್ಯಗಳಲ್ಲಿ ಸಂಗ್ರಹಿಸಿದರು. ಬೇತಾಳನ ಇಪ್ಪತ್ತೈದು ಕಥೆಗಳು ನಮಗೆ ಸೊಗಸಾಗಿ ದೊರೆಯುವುದು ಸೋಮದೇವನ ಕಥಾಸರಿತ್ಸಾಗರದ ಶಶಾಂಕವತೀ ಲಂಬಕದಲ್ಲಿ.

ಆದರೆ ಇಷ್ಟರಿಂದಲೇ ದುರ್ವಿನೀತನ ಗ್ರಂಥದಲ್ಲಿ ಬೇತಾಳನಿದ್ದನೆಂದು ನಿರ್ಣಯಿಸುವುದು ಸರಿಯಲ್ಲ. ಬುಧಸ್ವಾಮಿಯ ಬೃಹತ್ಕಥಾಶ್ಲೋಕಸಂಗ್ರಹದ ಉಳಿದಿರುವ ಭಾಗದಲ್ಲಿ ಈ ಕಥೆಗಳಿಲ್ಲ. ಇವು ಪ್ರತ್ಯೇಕವಾಗಿದ್ದು ಅನಂತರ ಕಾಶ್ಮೀರದ ಪಾಠದಲ್ಲಿ ಸೇರಿದುವೆಂದು ಅನೇಕ ಪಂಡಿತರು ಭಾವಿಸಿದ್ದಾರೆ. ಶಿವದಾಸ, ಜಂಭಲದತ್ತ ಇವರ ಹೆಸರಿನಲ್ಲಿ ಬೇರೆ ಪಾಠಗಳಿರುವುದೂ ಈ ಅಭಿಪ್ರಾಯಕ್ಕೆ ಒಪ್ಪುತ್ತದೆ. ನಮ್ಮ ನಾಡಿನ ಅರಸನೊಬ್ಬನು ಇಂತಹ ಕಥಾರಾಶಿಗೆ ಲೇಖನಿ ಹಿಡಿದುದು ಕೀರ್ತಿಯೆಂದು ಶಾಸನದವರು ಎಣಿಸಿದರು ಎಂಬಷ್ಟೇ ನಿಶ್ಚಯ. ಅದ್ಭುತಕಥೆ ರಾಜಗೌರವಕ್ಕೆ ಕಡಮೆಯೆಂದು ಅಂದಿನವರು ತಿಳಿದಿರಲಿಲ್ಲ. ನಾವೇಕೆ ಹಾಗೆ ತಿಳಿಯಬೇಕು?

೨

ಕಟ್ಟುಕಥೆಯನ್ನು ಸಂಕ್ಷೇಪವಾಗಿ ನೆನೆಯೋಣ. ಪ್ರತಿಷ್ಠಾನದ ಅರಸು ತ್ರಿವಿಕ್ರಮಸೇನನಿಗೆ ಕ್ಷಾಂತಿಶೀಲನೆಂಬ ಭಿಕ್ಷುವೊಬ್ಬನು ಪ್ರತಿದಿನವೂ ಒಂದು ಹಣ್ಣನ್ನು ತಂದೊಪ್ಪಿಸುತ್ತಾನೆ. ಹತ್ತು ವರ್ಷಗಳು ಹೀಗೆ ಕಳೆಯುತ್ತವೆ. ಒಂದು ದಿನ ಕೋತಿಯ ಬಾಯಿಂದ ಒಡೆದ ಹಣ್ಣಿನೊಳಗೆ ರತ್ನವಿರುವುದು ಗೊತ್ತಾಗುತ್ತದೆ. ರಾಜನು ಕಾರಣವನ್ನು ಕೇಳಿದಾಗ ಭಿಕ್ಷುವು ತನ್ನ ಮಂತ್ರಸಾಧನೆಗೆ ಒಬ್ಬ ವೀರನ ಸಹಾಯ ಬೇಕೆನ್ನುತ್ತಾನೆ. ಕೃಷ್ಣಪಕ್ಷದ ಚತುರ್ದಶಿಯ ರಾತ್ರಿ ಮಸಣಕ್ಕೆ ಬರಬೇಕು. ಶಿಂಶಪಾವೃಕ್ಷದಲ್ಲಿ ತೂಗುತ್ತಿರುವ ಹೆಣವನ್ನು ತರಬೇಕು. ಹೆಣದಲ್ಲಿ ಬೇತಾಳನು ಸೇರಿಕೊಂಡಿದ್ದಾನೆ. ದಾರಿಯಲ್ಲಿ ಅವನು ಕಥೆ ಹೇಳಿ ಪ್ರಶ್ನೆ ಹಾಕುತ್ತಾನೆ. ಉತ್ತರವನ್ನು ತಿಳಿದೂ ಹೇಳದಿದ್ದರೆ ರಾಜನ ತಲೆ ಸಿಡಿದು ಹೋಗುವುದು. ಹೇಳಿದರೆ ಮೌನ ಮುರಿದು ಬೇತಾಳನು ಮರಕ್ಕೆ ಮರಳುವನು.

ಈ ನಿಯಮದ ಚಮತ್ಕಾರವನ್ನು ಎಲ್ಲರೂ ಮೆಚ್ಚಿದ್ದಾರೆ. ಅದರ ಕ್ರೌರ್ಯವನ್ನು ಕಂಡವರು ಕಡಮೆ. ಬೇರೆ ಬೇಟೆಗಳಲ್ಲಿ ಗುರಿ ತಪ್ಪಿದವನು ಬೇಟೆಯನ್ನು ಕಳೆದುಕೊಳ್ಳುತ್ತಾನೆ. ಇಲ್ಲಿ ಗುರಿ ತಾಗಿದವನು ಕಳೆದುಕೊಳ್ಳುತ್ತಾನೆ. ರಾಜನ ತೀರ್ಪು ಸರಿಯಾದಷ್ಟು ಸಲವೂ ಅವನ ಹೆಗಲು ಬರಿದಾಗುತ್ತದೆ. ಇಪ್ಪತ್ತಮೂರು ಸಲ ಅವನು ಗೆಲ್ಲುತ್ತಾನೆ, ಇಪ್ಪತ್ತಮೂರು ಸಲವೂ ಮಸಣದ ದಾರಿಯನ್ನು ಮತ್ತೆ ತುಳಿಯುತ್ತಾನೆ. ತಿಳಿವಿಗೆ ಬೆಲೆ ಕೊಡಬೇಕಾಗಿದೆ. ಆ ಬೆಲೆ ದುಡಿಮೆ. ತಿಳಿದವನು ಸುಮ್ಮನಿರುವಂತಿಲ್ಲ ಎಂಬ ರಾಜಧರ್ಮವನ್ನು ಇದಕ್ಕಿಂತ ಕಟುವಾಗಿ ಹೇಳಿದ ಕಥೆ ನಮ್ಮ ಸಾಹಿತ್ಯಗಳಲ್ಲಿ ವಿರಳ.

ವಿಧಿಯನ್ನು ಕನ್ನಡಿಗರು ಹಣೆಬರಹವೆನ್ನುತ್ತಾರೆ. ಬರೆದುದು ತಲೆಯ ಮೇಲೆ. ಬೇತಾಳನ ಒಡಂಬಡಿಕೆಯಲ್ಲಿ ಪಣಕ್ಕಿಟ್ಟುದೂ ತಲೆಯೇ. ಭಿಕ್ಷುವಿನ ಬಲಿಪೀಠ ಕಾದಿರುವುದೂ ಒಂದು ತಲೆಗಾಗಿ. ಹತ್ತು ವರ್ಷಗಳ ಹಣ್ಣುಗಳಲ್ಲಿ ಭಿಕ್ಷುವು ರಾಜನ ಹಣೆಯ ಮೇಲೆ ತನ್ನ ಬರಹವನ್ನು ಬರೆದಿದ್ದಾನೆ. ರಾಜನಿಗೆ ಅದನ್ನು ಓದಲು ಬಾರದು. ನಮ್ಮ ಹಣೆಯ ಬರಹ ನಮ್ಮ ಕಣ್ಣಿಗೆ ಕಾಣದಷ್ಟೆ. ಓದಿ ಹೇಳುವುದಕ್ಕೆ ಎದುರಿಗೆ ಇನ್ನೊಬ್ಬನಿರಬೇಕು. ಹೆಗಲ ಮೇಲಿನ ಬೇತಾಳನೇ ಆ ಇನ್ನೊಬ್ಬನು. ಯಾವುದನ್ನು ಹಿಡಿಯಲು ಹೋದನೋ ಅದೇ ಅವನನ್ನು ಉಳಿಸತಕ್ಕುದು. ಯಾರಿಗಾಗಿ ಹಿಡಿದನೋ ಅವನೇ ಕೊಲ್ಲತಕ್ಕವನು. ಹೆಸರು ಕ್ಷಾಂತಿಶೀಲ, ಕೈಯಲ್ಲಿ ಹಣ್ಣು, ವೇಷ ವಿರಕ್ತನದು. ಮಸಣದ ಪಿಶಾಚಿಗಿಂತ ಆಸ್ಥಾನಕ್ಕೆ ದಿನವೂ ಬರುವ ಸಾತ್ವಿಕನೇ ಭಯಂಕರನೆಂಬುದು ಕಟ್ಟುಕಥೆಯ ಮೊದಲ ಪಾಠ.

೩

ಈಗ ಒಳಗಿನ ಕಥೆಗಳಿಗೆ ಬರೋಣ. ಎಲ್ಲವನ್ನೂ ಎತ್ತಿಕೊಳ್ಳುವುದು ಅನಾವಶ್ಯಕ. ರಾಕ್ಷಸನ ವಧೆಯನ್ನೂ ವಿಧಿಯ ವಿಚಾರವನ್ನೂ ಒಟ್ಟಿಗೆ ತರುವ ಐದನೆಯ ಕಥೆ ಮೊದಲು ವಿಚಾರಾರ್ಹವಾಗಿದೆ.

ಉಜ್ಜಯಿನಿಯ ಮಂತ್ರಿ ಹರಿಸ್ವಾಮಿಯ ಮಗಳು ಸೋಮಪ್ರಭೆ ತನ್ನನ್ನು ಶೂರನಿಗಾಗಲಿ, ಜ್ಞಾನಿಗಾಗಲಿ, ವಿದ್ಯೆಯ ಸಾಮರ್ಥ್ಯವುಳ್ಳವನಿಗಾಗಲಿ ಕೊಡಬೇಕೆಂದು ಹೇಳಿರುತ್ತಾಳೆ. ತಂದೆ ಒಬ್ಬನಿಗೂ, ಅಣ್ಣ ಇನ್ನೊಬ್ಬನಿಗೂ, ತಾಯಿ ಮತ್ತೊಬ್ಬನಿಗೂ ಮಾತು ಕೊಟ್ಟುಬಿಡುತ್ತಾರೆ. ಮದುವೆಯ ದಿನ ಮೂವರು ವರರೂ ಬಾಗಿಲಿಗೆ ಬಂದಾಗ ಕನ್ಯೆ ಮನೆಯಲ್ಲಿಲ್ಲ. ರಾಕ್ಷಸನೊಬ್ಬನು ಆಕೆಯನ್ನು ವಿಂಧ್ಯಾಟವಿಗೆ ಒಯ್ದಿದ್ದಾನೆಂದು ಜ್ಞಾನಿ ತಿಳಿಸುತ್ತಾನೆ. ಆಕಾಶದಲ್ಲಿ ಹಾರುವ ರಥವನ್ನು ವಿಜ್ಞಾನಿ ಮಾಡಿಕೊಡುತ್ತಾನೆ. ಶೂರನು ರಾಕ್ಷಸನನ್ನು ಕೊಲ್ಲುತ್ತಾನೆ. ಕನ್ಯೆ ಯಾರಿಗೆ ಸಲ್ಲಬೇಕು? ರಾಜನ ಉತ್ತರ ಒಡನೆಯೇ ಬರುತ್ತದೆ: ಪ್ರಾಣವನ್ನು ಪಣವಾಗಿಟ್ಟು ತೋಳಿನ ಬಲದಿಂದ ಗೆದ್ದ ಶೂರನಿಗೆ. ಉಳಿದ ಇಬ್ಬರು ಅವನಿಗಾಗಿ ವಿಧಾತನು ಒದಗಿಸಿದ ಉಪಕರಣಗಳು ಮಾತ್ರ.

ಈ ತೀರ್ಪು ಬೇತಾಳನಿಗೆ ಒಪ್ಪಿಗೆಯಾಯಿತು. ಅವನು ಮರಕ್ಕೆ ಹೋದನು. ವಿಮರ್ಶಕನು ಅಷ್ಟು ಬೇಗ ಒಪ್ಪಬೇಕಾದುದಿಲ್ಲ. ತೀರ್ಪು ಕೊಟ್ಟವನಾರು? ಕತ್ತಿ ಹಿಡಿದು ಮಸಣದಲ್ಲಿ ನಡೆಯುತ್ತಿರುವ ಶೂರನೇ. ತನ್ನ ಜಾತಿಯವನ ಪಕ್ಷದಲ್ಲಿ ತೀರ್ಪಿತ್ತ ನ್ಯಾಯಾಧಿಪತಿಯ ಮಾತನ್ನು ನಾವು ಎರಡು ಸಲ ತೂಗಬೇಕು. ಒಂಬತ್ತನೆಯ ಕಥೆಯಲ್ಲಿಯೂ ಹೀಗೆಯೇ ಆಗುತ್ತದೆ. ಅನಂಗರತಿಯನ್ನು ವರಿಸಲು ಬಂದ ನಾಲ್ವರಲ್ಲಿ ಒಬ್ಬ ನೇಕಾರನು. ದಿನಕ್ಕೆ ಐದು ಜೊತೆ ಬಟ್ಟೆ ನೇಯುವವನು. ಒಂದನ್ನು ದೇವರಿಗೆ, ಒಂದನ್ನು ಬ್ರಾಹ್ಮಣನಿಗೆ ಕೊಟ್ಟು, ಒಂದನ್ನು ತಾನು ಉಟ್ಟು, ಒಂದನ್ನು ಬರಲಿರುವ ಹೆಂಡತಿಗೆ ಎಂದಿಟ್ಟು, ಒಂದನ್ನು ಮಾರಿ ಜೀವಿಸುವವನು. ಇನ್ನೊಬ್ಬನು ಪ್ರಾಣಿಗಳ ಭಾಷೆ ಬಲ್ಲ ವೈಶ್ಯ. ಮತ್ತೊಬ್ಬನು ಸತ್ತವರನ್ನು ಬದುಕಿಸಬಲ್ಲ ಬ್ರಾಹ್ಮಣ. ನಾಲ್ಕನೆಯವನು ಖಡ್ಗಧರನೆಂಬ ಕ್ಷತ್ರಿಯ. ರಾಜನು ಮೂವರನ್ನೂ ಒಂದೊಂದು ಮಾತಿನಲ್ಲಿ ತಳ್ಳಿ ಖಡ್ಗಧರನಿಗೇ ಕನ್ಯೆಯೆನ್ನುತ್ತಾನೆ. ದೊಡ್ಡಬಳ್ಳಾಪುರದಂತಹ ಮಗ್ಗದ ಊರಿನಲ್ಲಿ ಈ ಕಥೆಯನ್ನು ಓದಿ ಹೇಳಿದರೆ ಈ ತೀರ್ಪನ್ನು ಕೇಳುವವರು ಸುಮ್ಮನೆ ಒಪ್ಪಿಯಾರೆ? ತನ್ನ ದಿನದ ದುಡಿಮೆಯಲ್ಲಿ ದೇವರು, ಅತಿಥಿ, ತಾನು, ಹೆಂಡತಿ, ಹೊಟ್ಟೆ ಎಂದು ಐದು ಪಾಲು ಮಾಡಿದವನಿಗಿಂತ ಗೃಹಸ್ಥಧರ್ಮವನ್ನು ಬಲ್ಲವನು ಆ ನಾಲ್ವರಲ್ಲಿ ಯಾರು? ರಾಜನು ವರ್ಣವನ್ನು ನೋಡಿದನು; ಮನುಷ್ಯನನ್ನು ನೋಡಲಿಲ್ಲ.

ಆದರೆ ಇದನ್ನು ಗ್ರಂಥದ ದೋಷವೆಂದು ಕೂಡಲೇ ಬರೆದಿಡುವುದೂ ಆತುರವಾದೀತು. ಒಳಗಿನ ಕಥೆಯಲ್ಲಿ ರಾಜನು ಹೇಳಿದ ಮಾತನ್ನು ಹೊರಗಿನ ಕಥೆ ಖಂಡಿಸುತ್ತದೆ. ಉಪಕರಣಗಳಿಗೆ ಫಲದಲ್ಲಿ ಪಾಲಿಲ್ಲವೆಂದು ಹೇಳಿದವನು ಆ ಗಳಿಗೆಯಲ್ಲಿ ತಾನೇ ಭಿಕ್ಷುವಿನ ಉಪಕರಣವಾಗಿದ್ದಾನೆ. ಶೌರ್ಯವೊಂದೇ ಸಾಕೆಂದವನನ್ನು ಕೊನೆಗೆ ಶೌರ್ಯ ಉಳಿಸುವುದಿಲ್ಲ. ಬೇತಾಳನು ತಿಳಿಸಿದ ಗುಟ್ಟು ಉಳಿಸುತ್ತದೆ. ಅಂದರೆ ಐದನೆಯ ಕಥೆಯ ಜ್ಞಾನಿ ಮಾಡಿದ ಕೆಲಸವನ್ನೇ ಅವನಿಗೆ ಬೇತಾಳನು ಮಾಡುತ್ತಾನೆ. ಜ್ಞಾನಿಯನ್ನು ಕಡೆಗಣಿಸಿದ ವೀರನು ಜ್ಞಾನದಿಂದಲೇ ಬದುಕಿಕೊಂಡನು. ಬಿಡಿಯಾಗಿ ಓದಿದರೆ ಕ್ಷಾತ್ರದ ಸ್ತುತಿಯಂತಿರುವ ಕಥೆ, ಕಟ್ಟಿನೊಳಗೆ ಓದಿದಾಗ ಕ್ಷಾತ್ರದ ಪರೀಕ್ಷೆಯಾಗುತ್ತದೆ. ಗ್ರಂಥವನ್ನು ಗ್ರಂಥವಾಗಿ ಓದಬೇಕೆಂದು ಮೊದಲು ಹೇಳಿದುದಕ್ಕೆ ಇದೇ ಕಾರಣ.

ಸೋಮಪ್ರಭೆಯ ವಿಷಯದಲ್ಲಿ ಮಾತ್ರ ಸಮಾಧಾನ ಹೇಳುವುದು ಕಷ್ಟ. ಮೂರರಲ್ಲಿ ಯಾವುದಾದರೊಂದು ಗುಣ ಸಾಕೆಂದಿದ್ದ ಆಕೆಯ ಇಚ್ಛೆ ಮೂರೂ ಪಾಲಿನಲ್ಲಿ ನೆರವೇರಿತು. ಕೊನೆಯಲ್ಲಿ ಮೂವರಲ್ಲಿ ಯಾರೆಂದು ಆಕೆಯನ್ನು ಕೇಳಬಹುದೆಂಬ ಯೋಚನೆ ಬೇತಾಳನಿಗೂ ಇಲ್ಲ, ರಾಜನಿಗೂ ಇಲ್ಲ. ಇದು ಕಟ್ಟಿನಿಂದಲೂ ಮುಚ್ಚದ ಬಿರುಕು.

೪

ಗ್ರಂಥದ ಶಿಖರವೆಂದು ನಾವು ಎಣಿಸತಕ್ಕುದು ಇಪ್ಪತ್ತನೆಯ ಕಥೆ. ಚಿತ್ರಕೂಟದ ಅರಸು ಚಂದ್ರಾವಲೋಕನು ಬೇಟೆಗೆ ಹೋದವನು. ಕಣ್ವಮುನಿ ಪ್ರಾಣಿಹಿಂಸೆಯನ್ನು ಬಿಡುವಂತೆ ಬೋಧಿಸುತ್ತಾನೆ. ರಾಜನು ಒಪ್ಪಿ ಮುನಿಯ ಮಗಳು ಇಂದೀವರಪ್ರಭೆಯನ್ನು ಮದುವೆಯಾಗುತ್ತಾನೆ. ಮರಳುವ ದಾರಿಯಲ್ಲಿ ಒಂದು ಅಶ್ವತ್ಥದ ಕೆಳಗೆ ರಾತ್ರಿ ತಂಗಿದಾಗ ಜ್ವಾಲಾಮುಖನೆಂಬ ಬ್ರಹ್ಮರಾಕ್ಷಸನು ಅವನನ್ನು ನುಂಗಬರುತ್ತಾನೆ. ರಾಜನು ಬೇಡಿಕೊಂಡು ಒಂದು ಒಡಂಬಡಿಕೆ ಮಾಡಿಕೊಳ್ಳುತ್ತಾನೆ: ಏಳು ದಿನಗಳೊಳಗೆ, ಏಳು ವರ್ಷದ ಬ್ರಾಹ್ಮಣ ಬಾಲಕನೊಬ್ಬನನ್ನು, ತಂದೆ ತಾಯಿಗಳು ಕೈಕಾಲು ಹಿಡಿದಿರಲು, ತಾನೇ ಕತ್ತಿಯಿಂದ ಬಲಿಕೊಡುವುದು. ಚಿನ್ನದ ಪ್ರತಿಮೆಯನ್ನು ನೂರು ಗ್ರಾಮಗಳೊಡನೆ ಕೊಡುವುದಾಗಿ ಡಂಗುರ ಹೊಡೆಯಿಸುತ್ತಾರೆ. ಬಾಲಕನೊಬ್ಬನು ತಾನಾಗಿ ಒಪ್ಪಿ ತಂದೆತಾಯಿಗಳನ್ನೂ ಒಪ್ಪಿಸುತ್ತಾನೆ. ಬಲಿಯ ವೇಳೆಯಲ್ಲಿ, ಕತ್ತಿ ಎತ್ತಿದಾಗ, ಆ ಬಾಲಕನು ನಗುತ್ತಾನೆ. ಅಲ್ಲಿದ್ದವರೆಲ್ಲ ಬೆರಗಾಗಿ ಕೈಮುಗಿಯುತ್ತಾರೆ. ಏಕೆ ನಕ್ಕನೆಂಬುದು ಪ್ರಶ್ನೆ. ಮುಂದೆ ಏನಾಯಿತೆಂದು ಬೇತಾಳನು ಹೇಳುವುದಿಲ್ಲ.

ರಾಜನ ಉತ್ತರ ಇಡೀ ಗ್ರಂಥದಲ್ಲಿಯೇ ಉತ್ತಮವಾದುದು. ದುರ್ಬಲನಾದವನು ಆಪತ್ತಿನಲ್ಲಿ ಮೊದಲು ತಂದೆತಾಯಿಗಳನ್ನು ಕೂಗುತ್ತಾನೆ, ಅವರಿಲ್ಲದಿದ್ದರೆ ರಾಜನನ್ನು, ರಾಜನೂ ಕೈಬಿಟ್ಟರೆ ದೈವವನ್ನು. ಆ ಬಾಲಕನ ಸುತ್ತ ಇವರೆಲ್ಲರೂ ನೆರೆದಿದ್ದರು. ತಂದೆತಾಯಿಗಳು ಕೈಕಾಲು ಹಿಡಿದಿದ್ದರು, ರಾಜನು ಕತ್ತಿ ಎತ್ತಿದ್ದನು, ದೈವಸ್ಥಾನದಲ್ಲಿದ್ದ ಬ್ರಹ್ಮರಾಕ್ಷಸನು ತಿನ್ನಲು ಕಾದಿದ್ದನು. ಅಳಿಯುವ ದೇಹಕ್ಕಾಗಿ ಇವರಿಗೆಲ್ಲ ಬಂದ ಮೋಹವನ್ನು ಕಂಡು ನಕ್ಕನು. ಬೇಟೆಯನ್ನು ತೊರೆದೆನೆಂದು ಮುನಿಗೆ ಮಾತುಕೊಟ್ಟ ರಾಜನು ಕೆಲವೇ ದಿನಗಳಲ್ಲಿ ಮಗುವಿನ ಬೇಟೆಗೆ ಡಂಗುರ ಹೊಡೆಯಿಸಿದನೆಂಬುದನ್ನು ಬೇತಾಳನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿರುವುದೇ ಕಥನದ ಬಲ.

ಈ ನಗುವಿನ ಪಕ್ಕದಲ್ಲಿ ಇನ್ನೊಂದು ಮಗುವನ್ನು ನಿಲ್ಲಿಸಿ ನೋಡಬೇಕು. ಹೊಸಕೋಟೆಯಿಂದ ಚಿಂತಾಮಣಿಯ ಕಡೆಗೆ ಹೋದರೆ ಕೈವಾರ ಸಿಕ್ಕುತ್ತದೆ. ೨೦೦೭ರಿಂದ ಅದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಅದೇ ಭಾರತದ ಏಕಚಕ್ರಪುರವೆಂದೂ, ಅಲ್ಲಿಯ ಬೆಟ್ಟದಲ್ಲಿ ಭೀಮನು ಬಕಾಸುರನನ್ನು ಕೊಂದನೆಂದೂ ಸ್ಥಳೀಯರ ನಂಬಿಕೆ. ಭೀಮೇಶ್ವರನ ಗುಡಿಯೂ ಅಲ್ಲಿದೆ. ವ್ಯಾಸಭಾರತದ ಆದಿಪರ್ವದಲ್ಲಿ ಬಕನಿಗೆ ಬಂಡಿ ಅನ್ನವನ್ನೂ, ಎರಡು ಕೋಣಗಳನ್ನೂ, ಒಬ್ಬ ಮನುಷ್ಯನನ್ನೂ ಕಳುಹಿಸಬೇಕಾದ ಸರದಿ ಒಂದು ಬ್ರಾಹ್ಮಣ ಕುಟುಂಬಕ್ಕೆ ಬರುತ್ತದೆ. ಅಲ್ಲಿಯೂ ರಾಜನು ರಕ್ಷಿಸಲಾರದವನು. ಆದರೆ ಮನೆಯೊಳಗಿನ ನಡತೆ ಎಷ್ಟು ಬೇರೆ! ತಂದೆ ತಾನು ಹೋಗುವೆನೆನ್ನುತ್ತಾನೆ, ತಾಯಿ ತಾನೆನ್ನುತ್ತಾಳೆ, ಮಗಳು ತಾನೆನ್ನುತ್ತಾಳೆ. ಕೊನೆಗೆ ತೊದಲುಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿಯನ್ನು ಎತ್ತಿ, ಇದರಿಂದ ಆ ರಾಕ್ಷಸನನ್ನು ಕೊಲ್ಲುವೆನೆನ್ನುತ್ತಾನೆ. ಅಳುತ್ತಿದ್ದವರು ಆ ದುಃಖದಲ್ಲಿಯೂ ನಗುತ್ತಾರೆ. ಆ ಹೊತ್ತಿಗೆ ಕುಂತಿ ಒಳಗೆ ಬರುತ್ತಾಳೆ.

ಒಂದು ಕಡೆ ಹಿರಿಯರೆಲ್ಲ ಸೇರಿ ಮಗುವನ್ನು ಹಿಡಿದಿದ್ದಾರೆ, ಮಗು ನಗುತ್ತದೆ. ಇನ್ನೊಂದು ಕಡೆ ಮಗುವಿನ ಮಾತಿಗೆ ಹಿರಿಯರು ನಗುತ್ತಾರೆ. ಒಂದರಲ್ಲಿ ರಾಕ್ಷಸನು ಮನೆಯೊಳಕ್ಕೇ ಬಂದು ಪ್ರತಿಯೊಬ್ಬರಲ್ಲಿಯೂ ನೆಲಸಿದ್ದಾನೆ. ಇನ್ನೊಂದರಲ್ಲಿ ಅವನು ಬೆಟ್ಟದಲ್ಲಿಯೇ ಉಳಿದಿದ್ದಾನೆ. ಆದುದರಿಂದ ಬಕನನ್ನು ಕೊಲ್ಲಲು ಭೀಮನ ತೋಳು ಸಾಕಾಯಿತು. ಜ್ವಾಲಾಮುಖನ ವಿಷಯದಲ್ಲಿ ತೋಳಿಗೆ ಕೆಲಸವಿಲ್ಲ, ನಗೆಯೇ ಆಯುಧವಾಗಬೇಕಾಯಿತು. ಜನ್ನನು ೧೨೦೯ರಲ್ಲಿ ಬರೆದ ಯಶೋಧರಚರಿತೆಯಲ್ಲಿಯೂ ಚಂಡಮಾರಿಯ ಗುಡಿಯಲ್ಲಿ ಮಾರಿದತ್ತನ ಕತ್ತಿಯ ಕೆಳಗೆ ಇಬ್ಬರು ಮಕ್ಕಳು ನಿಂತಿದ್ದಾರೆ. ಅಭಯರುಚಿ, ಅಭಯಮತಿಯರ ಅಂಜದ ಮುಖವೂ ಅವರು ಹೇಳುವ ಜನ್ಮಾಂತರದ ಕಥೆಯೂ ರಾಜನ ಕತ್ತಿಯನ್ನು ಇಳಿಸುತ್ತವೆ. ಬೇತಾಳನ ಬಾಲಕನು ನಕ್ಕು ಬಿಟ್ಟ ಜಾಗವನ್ನು ಜನ್ನನ ಮಕ್ಕಳು ಮಾತಿನಿಂದ ತುಂಬಿದರೆಂದು ಹೇಳಬಹುದು. ಒಂದು ಇನ್ನೊಂದರ ಮೂಲವೆಂದು ನಾವು ಹೇಳುತ್ತಿಲ್ಲ. ಮೇಲೆತ್ತಿದ ಕತ್ತಿಯ ಮುಂದೆ ಮಗುವನ್ನು ನಿಲ್ಲಿಸಿ ರಾಜತ್ವವನ್ನು ಪರೀಕ್ಷಿಸುವುದು ನಮ್ಮ ಕಥಾಪರಂಪರೆಗೆ ಸಹಜವಾಗಿದ್ದಿತೆಂಬಷ್ಟೇ ಅಭಿಪ್ರಾಯ.

ಇನ್ನೊಂದು ಸಂಗತಿಯನ್ನೂ ಗಮನಿಸಬಹುದು. ಬಕನನ್ನು ಕೊಂದವನಾರೆಂಬುದನ್ನು ಭಾರತದಲ್ಲಿ ಊರವರಿಗೆ ತಿಳಿಸುವುದಿಲ್ಲ. ಮಂತ್ರಸಿದ್ಧನಾದ ಬ್ರಾಹ್ಮಣನೊಬ್ಬನು ಮಾಡಿದನೆಂದು ಹೇಳಿಬಿಡುತ್ತಾರೆ. ಕಥೆ ಮುಚ್ಚಿಟ್ಟ ಹೆಸರನ್ನು ಕೈವಾರದ ಜನ ಗುಡಿಗೆ ಇಟ್ಟುಕೊಂಡಿದ್ದಾರೆ. ನಮ್ಮ ವೀರಗಲ್ಲುಗಳ ಸ್ವಭಾವವೂ ಇದೇ. ಗಂಗ ಬೂತುಗನ ಕಾಲದ ಆತಕೂರಿನ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಹೆಸರನ್ನೂ ಮರೆಯಲಿಲ್ಲ. ಕಲ್ಲು ವಿಧಿಯ ಪ್ರಶ್ನೆಯನ್ನೆತ್ತುವುದಿಲ್ಲ; ಹೋರಾಡಿತು, ಸತ್ತಿತು, ಇದು ಅದರ ಹೆಸರು ಎಂದಷ್ಟೇ ನಿಲ್ಲುತ್ತದೆ. ಪ್ರಶ್ನೆಯನ್ನೆತ್ತುವುದು ಕಥೆಯ ಕೆಲಸ.

೫

ಇತ್ತೀಚೆಗೆ ಪಾಶ್ಚಾತ್ಯ ಸಾಹಿತ್ಯದಲ್ಲಿ ಹೆಸರಾದ ಒಂದು ಕಥಾಸಂಗ್ರಹವನ್ನು ಇಲ್ಲಿ ಹೋಲಿಕೆಗೆ ತರುವುದು ಅಪ್ರಸ್ತುತವಲ್ಲ. ಪೋಲೆಂಡಿನ ಆಂಡ್ರೇ ಸಾಪ್ಕೋವ್ಸ್ಕಿಯು ೧೯೮೬ರಲ್ಲಿ ಗೆರಾಲ್ಟನೆಂಬ ಅಸುರಬೇಟೆಗಾರನ ಮೊದಲ ಕಥೆಯನ್ನು ಪ್ರಕಟಿಸಿದನು. ೧೯೯೨ರಲ್ಲಿ ವಿಧಿಯ ಖಡ್ಗವೆಂಬ ಅರ್ಥದ ಹೆಸರಿನ ಸಂಗ್ರಹವೂ, ೧೯೯೩ರಲ್ಲಿ ಕೊನೆಯ ಇಚ್ಛೆಯೆಂಬ ಅರ್ಥದ ಸಂಗ್ರಹವೂ ಹೊರಬಂದುವು. ಗೆರಾಲ್ಟನು ಕೂಲಿಗಾಗಿ ಪಿಶಾಚಿಗಳನ್ನು ಕೊಲ್ಲುವವನು. ದರ ನಿಶ್ಚಯವಾಗದೆ ಕತ್ತಿ ಹಿರಿಯುವವನಲ್ಲ. ಭೀಮನಿಗೂ ತ್ರಿವಿಕ್ರಮಸೇನನಿಗೂ ಇಲ್ಲದ ಈ ಗುಣವು ಅವನನ್ನು ನಮ್ಮ ಕಾಲದವನನ್ನಾಗಿ ಮಾಡಿದೆ. ಆದರೆ ಆ ಮೊದಲ ಕಥೆಯಲ್ಲಿಯೇ ಅವನು ಪಿಶಾಚಿಯನ್ನು ಕೊಲ್ಲುವುದಿಲ್ಲ. ಶಾಪದಿಂದ ವಿಕಾರಳಾದ ರಾಜಪುತ್ರಿಯ ಶವಪೆಟ್ಟಿಗೆಯಲ್ಲಿ ತಾನೇ ಮಲಗಿ, ಕೋಳಿ ಕೂಗುವವರೆಗೆ ಕಾದು, ಶಾಪವನ್ನು ಬಿಡಿಸುತ್ತಾನೆ. ಹೆಣದೊಡನೆ ಒಂದು ರಾತ್ರಿಯನ್ನು ಕಳೆದು ಬೆಳಗನ್ನು ಗಳಿಸುವುದು ಇಲ್ಲಿಯೂ ವೀರನ ಕೆಲಸ.

ವಿಧಿಯ ವಿಷಯದಲ್ಲಿ ಹೋಲಿಕೆ ಇನ್ನೂ ಆಳವಾದುದು. ಗೆರಾಲ್ಟನು ಒಮ್ಮೆ ಉಪಕಾರಕ್ಕೆ ಪ್ರತಿಯಾಗಿ, ಕೊಡುವವನಿಗೇ ತಿಳಿಯದೆ ಅವನ ಮನೆಯಲ್ಲಿ ಇರುವುದನ್ನು ಕೇಳುತ್ತಾನೆ. ಅದು ಹುಟ್ಟಲಿರುವ ಒಂದು ಮಗುವಾಗಿ ಪರಿಣಮಿಸುತ್ತದೆ. ಆ ಮಗುವನ್ನು ಅವನು ಬೇಡವೆಂದು ಬಿಟ್ಟುಬರುತ್ತಾನೆ. ಮತ್ತೊಬ್ಬನಿಂದ ಇಂತಹುದೇ ವಾಗ್ದಾನವನ್ನು ಪಡೆದಾಗ ಅದೇ ಹುಡುಗಿಯೇ ಎದುರಿಗೆ ಬರುತ್ತಾಳೆ. ಹುಟ್ಟುವ ಮೊದಲೇ ಮಾತುಕೊಟ್ಟ ಮಗುವಿನ ಕಥೆ ನಮಗೆ ಅಪರಿಚಿತವಲ್ಲ. ಐತರೇಯ ಬ್ರಾಹ್ಮಣದಲ್ಲಿ ಹರಿಶ್ಚಂದ್ರನು ಹುಟ್ಟಲಿರುವ ಮಗನನ್ನು ವರುಣನಿಗೆ ಕೊಡುವೆನೆನ್ನುತ್ತಾನೆ. ರೋಹಿತನು ಕಾಡಿಗೆ ಓಡುತ್ತಾನೆ. ಅವನ ಬದಲಿಗೆ ಶುನಶ್ಶೇಪನನ್ನು ತಂದೆಯಾದ ಅಜೀಗರ್ತನೇ ನೂರು ಗೋವುಗಳಿಗೆ ಮಾರುತ್ತಾನೆ, ಇನ್ನೊಂದು ನೂರಕ್ಕೆ ಕಟ್ಟುತ್ತಾನೆ, ಮತ್ತೊಂದು ನೂರಕ್ಕೆ ಕಡಿಯಲೂ ಸಿದ್ಧನಾಗುತ್ತಾನೆ. ಚಂದ್ರಾವಲೋಕನ ಡಂಗುರ ಈ ಹಳೆಯ ಸಂತೆಯ ಪ್ರತಿಧ್ವನಿಯೇ.

ಈ ಎಲ್ಲ ಕಥೆಗಳಲ್ಲಿಯೂ ವಿಧಿಯೆಂಬುದು ಮೊದಲು ಹಿರಿಯರ ಒಪ್ಪಂದವಾಗಿ ಕಾಣಿಸಿಕೊಳ್ಳುತ್ತದೆ. ಅದರ ಸಾಲವನ್ನು ತೀರಿಸಬೇಕಾದುದು ಮಗು. ಪೋಲೆಂಡಿನ ಲೇಖಕನ ಹಿರಿಮೆಯೆಂದರೆ, ಆ ಒಪ್ಪಂದವನ್ನು ಹಕ್ಕೆಂದು ಚಲಾಯಿಸಲು ತನ್ನ ನಾಯಕನು ನಾಚುವಂತೆ ಮಾಡಿದುದು. ಬರಿಯ ವಿಧಿ ಸಾಲದು, ಮನುಷ್ಯನ ಒಲವೂ ಸೇರಬೇಕೆಂದು ತೋರಿಸಿದುದು. ನಮ್ಮ ವಡ್ಡಾರಾಧನೆಯ ದಾರಿ ಇದಕ್ಕೆ ವಿರುದ್ಧವಾದುದು. ಸುಕುಮಾರಸ್ವಾಮಿಯ ಕಾಲನ್ನು ತಿನ್ನುವ ನರಿ ಹಿಂದಿನ ಜನ್ಮದಲ್ಲಿ ಅವನಿಂದ ಒದೆಸಿಕೊಂಡ ಅತ್ತಿಗೆ. ಅಲ್ಲಿ ರಕ್ಕಸನೇ ಇಲ್ಲ, ಹಳೆಯ ನೆಂಟರಿದ್ದಾರೆ. ಕೊಲ್ಲುವ ಪ್ರಶ್ನೆಯೂ ಇಲ್ಲ. ಸಹಿಸಿ ಸಾಲವನ್ನು ಮುಗಿಸುವುದುಂಟು. ಬೇತಾಳಕಥೆ ಇವೆರಡರ ನಡುವೆ ನಿಂತಿದೆ. ಅದು ಸಹಿಸುವುದನ್ನೂ ಬಲ್ಲುದು, ಕೊನೆಯಲ್ಲಿ ಕಡಿಯುವುದನ್ನೂ ಬಲ್ಲುದು.

೬

ಕೊನೆಯ ಪ್ರಶ್ನೆ ವಿಚಿತ್ರವಾದುದು. ಬೇಟೆಗೆ ಬಂದ ತಂದೆಮಕ್ಕಳಿಬ್ಬರು ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆಗಳನ್ನು ಕಾಣುತ್ತಾರೆ. ದೊಡ್ಡ ಹೆಜ್ಜೆಯವಳು ತಂದೆಗೆ, ಚಿಕ್ಕ ಹೆಜ್ಜೆಯವಳು ಮಗನಿಗೆ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ನೋಡಿದರೆ ದೊಡ್ಡ ಹೆಜ್ಜೆ ಮಗಳದು, ಚಿಕ್ಕದು ತಾಯಿಯದು. ಮಾತು ಕೊಟ್ಟುದರಿಂದ ಮದುವೆಗಳು ಹಾಗೆಯೇ ಆಗುತ್ತವೆ. ಅವರ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ತಿಳಿಯದು, ಸುಮ್ಮನೆ ನಡೆಯುತ್ತಾನೆ. ಹೆಜ್ಜೆಯನ್ನು ಓದಿ ಬೇಟೆಯನ್ನು ಅರಿಯುವುದು ಬೇಟೆಗಾರನ ಮೊದಲ ವಿದ್ಯೆ. ಆ ವಿದ್ಯೆ ಸೋತ ಕಥೆಯಲ್ಲಿಯೇ ಶೂರನ ನಾಲಗೆಯೂ ನಿಂತಿತು. ಬಲ್ಲೆನೆಂಬ ಅಭಿಮಾನ ಮುಗಿದ ಕಡೆಯಲ್ಲಿ ಬೇತಾಳನು ಪ್ರಸನ್ನನಾದನು.

ಬಳಿಕ ಎಲ್ಲವೂ ಬೇಗನೆ ನಡೆಯುತ್ತದೆ. ಬೇತಾಳನು ಭಿಕ್ಷುವಿನ ಕಪಟವನ್ನು ತಿಳಿಸುತ್ತಾನೆ. ಸಾಷ್ಟಾಂಗ ನಮಸ್ಕಾರ ಮಾಡೆಂದಾಗ ರಾಜನು, ತನಗೆ ಅಭ್ಯಾಸವಿಲ್ಲ, ಮಾಡಿತೋರಿಸಬೇಕೆನ್ನುತ್ತಾನೆ. ಬಾಗಿದ ಭಿಕ್ಷುವಿನ ತಲೆಯನ್ನು ಕಡಿಯುತ್ತಾನೆ. ಭಿಕ್ಷುವು ಬಯಸಿದ್ದ ವಿದ್ಯಾಧರರ ಚಕ್ರವರ್ತಿಪದವು ರಾಜನದಾಗುತ್ತದೆ. ಶಿವನು ಪ್ರತ್ಯಕ್ಷನಾಗಿ, ಮ್ಲೇಚ್ಛರೂಪದಿಂದ ಹುಟ್ಟಿದ ಅಸುರರನ್ನು ಕೊಲ್ಲುವುದಕ್ಕಾಗಿ ಹಿಂದೆ ತನ್ನ ಅಂಶದಿಂದಲೇ ಈತನನ್ನು ವಿಕ್ರಮಾದಿತ್ಯನನ್ನಾಗಿ ಸೃಷ್ಟಿಸಿದೆನೆಂದು ಹೇಳುತ್ತಾನೆ.

ಈ ಶಿವವಾಕ್ಯದಿಂದ ಕಥೆಗೆ ಘನತೆ ಬಂದಿತೆಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಅರಸನ ಪದವಿ ಹುಟ್ಟಿನಿಂದಲೇ ಗೊತ್ತಾಗಿದ್ದರೆ ಇಪ್ಪತ್ತನಾಲ್ಕು ಸಲ ಮರ ಹತ್ತಿದುದಕ್ಕೆ ಏನು ಬೆಲೆ? ಕಥೆ ಗಳಿಸಿದುದನ್ನು ವರವು ದಾನವಾಗಿ ಕೊಟ್ಟಂತಾಯಿತು. ಬೇತಾಳನು ಗುಟ್ಟನ್ನು ಹೇಳಿದುದು ರಾಜನ ಹುಟ್ಟನ್ನು ನೋಡಿ ಅಲ್ಲ. ಮಸಣದ ದಾರಿಯಲ್ಲಿ ಅವನು ಬೇಸರಿಸದೆ ನಡೆದುದನ್ನು ನೋಡಿ. ವಿಧಿ ಅವನಿಗೆ ಭಿಕ್ಷುವನ್ನು ಕಳುಹಿಸಿತು. ಬೇತಾಳನನ್ನು ಅವನು ಸಂಪಾದಿಸಿಕೊಂಡನು. ಕಥೆಯ ಧರ್ಮ ಇಲ್ಲಿದೆ, ಉಪಸಂಹಾರದಲ್ಲಿಲ್ಲ.

ಆದರೂ ಅದೇ ಉಪಸಂಹಾರದಲ್ಲಿ ಒಂದು ಮಾತು ಎಲ್ಲ ಕೊರತೆಯನ್ನೂ ತುಂಬುತ್ತದೆ. ಬೇತಾಳನು ವರವನ್ನು ಕೇಳೆಂದಾಗ ರಾಜನು ರಾಜ್ಯವನ್ನು ಕೇಳಲಿಲ್ಲ. ಈ ಕಥೆಗಳು ಲೋಕದಲ್ಲಿ ಪ್ರಸಿದ್ಧವಾಗಲಿ ಎಂದು ಕೇಳಿದನು. ಇವುಗಳನ್ನು ಹೇಳುವ ಕಡೆಯಲ್ಲಿ ಯಕ್ಷ, ಬೇತಾಳ, ರಾಕ್ಷಸರ ಬಲ ನಡೆಯದೆಂದು ಬೇತಾಳನು ವರವಿತ್ತನು. ಪಿಶಾಚಿಯನ್ನು ಹಿಡಿಯಹೋದವನು ಮನೆಗೆ ತಂದುದು ಕಥೆಯನ್ನು. ಉಪಾಧ್ಯಾಯರು ಇವುಗಳನ್ನು ಪಾಠ ಹೇಳುವಾಗ ರಾಜನ ತೀರ್ಪನ್ನು ಸರಿಯುತ್ತರವೆಂದು ಬರೆಯಿಸಿ ಮುಗಿಸಬಾರದು. ನೇಕಾರನಿಗೆ ನ್ಯಾಯವಾಯಿತೆ, ಸೋಮಪ್ರಭೆಯನ್ನು ಏಕೆ ಕೇಳಲಿಲ್ಲ, ಬಾಲಕನು ನಕ್ಕ ಮೇಲೆ ಆ ರಾಜನು ಕತ್ತಿಯನ್ನು ಏನು ಮಾಡಬೇಕಾಗಿದ್ದಿತು ಎಂದು ಕೇಳಬೇಕು. ಆಗ ಉತ್ತರ ಬಂದೊಡನೆ ಬೇತಾಳನು ಮತ್ತೆ ಮರವೇರುವನು. ವಿದ್ಯಾರ್ಥಿಯೂ ಮತ್ತೆ ನಡೆಯಬೇಕಾಗುವುದು. ಈ ಗ್ರಂಥವು ಬಯಸುವ ಓದು ಅದೇ.